ದೊಣ್ಣೆನಾಯಕನ ಅಪ್ಪಣೆ

'ಹೊಳೆ ನೀರು ಕುಡಿಯೋಕೆ ದೊಣ್ಣೆನಾಯಕನ ಅಪ್ಪಣೆ ಬೇಕೆ?' ಕಚೇರಿಯ ಮುಂದೆ ಅರ್ಜಿ ಹಿಡಿದು ಕಾದು ಸುಸ್ತಾದವನ ಬಾಯಲ್ಲೂ, ಅತ್ತೆಯ ಬಿಗುಮಾನಕ್ಕೆ ಬೇಸತ್ತ ಸೊಸೆಯ ಬಾಯಲ್ಲೂ ಬರುವ ಗಾದೆ. ಕೆಲವು ಕಡೆ 'ಹರಿಯೋ ನೀರಿಗೆ' ಎನ್ನುತ್ತಾರೆ. ನಾಯಕನ ಹೆಸರೂ ಊರಿಂದೂರಿಗೆ ದೊಣೆನಾಯಕ, ದೊಣ್ಣೆನಾಯಕ ಎಂದು ಹೊರಳುತ್ತದೆ. ಶಾಸನಗಳ ದಣ್ಣಾಯಕನೇ, ಅಂದರೆ ದಂಡನಾಯಕನೇ, ಇವನಿರಬೇಕೆಂದು ನನ್ನ ಗುಮಾನಿ. ದಂಡ ಎಂದರೆ ಸೈನ್ಯವೂ ಹೌದು, ಕೋಲೂ ಹೌದು. ದಂಡನಾಯಕನ ಕೈಗೆ ಜನ ಕೋಲನ್ನೇ ಕೊಟ್ಟಿದ್ದು ಪೆಟ್ಟು ತಿಂದ ನೆನಪಿನಿಂದಲೇ ಇದ್ದೀತು.

ಪ್ರಕೃತಿ ಕೊಟ್ಟದ್ದಕ್ಕೆ ಯಾರ ಹಂಗೂ ಇಲ್ಲ ಎಂಬುದು ಗಾದೆಗೆ ನಾವು ಹೇಳಿಕೊಳ್ಳುವ ಅರ್ಥ. ನಾನೂ ಬಹಳ ಕಾಲ ಹಾಗೇ ಓದಿಕೊಂಡಿದ್ದೆ. ಆಮೇಲೆ ಒಂದು ಸಣ್ಣ ವಿಷಯ ಕಣ್ಣಿಗೆ ಬಿತ್ತು: ಗಾದೆ ಹೊಳೆ ಎಂದಿದೆಯೇ ಹೊರತು ಕೆರೆ ಎಂದಿಲ್ಲ.

ಕೋಲಾರದ ಕಡೆ ಹೊಳೆಯಿಲ್ಲದ ಊರಲ್ಲಿ ಬೆಳೆದವನಿಗೆ ಇದು ತಡವಾಗಿ ಹೊಳೆದದ್ದು ನಾಚಿಕೆಯ ವಿಷಯ. ನಮ್ಮಲ್ಲಿ ಅಪ್ಪಣೆ ಇಲ್ಲದೆ ಕೆರೆಯ ಹನಿ ನೀರೂ ಗದ್ದೆಗೆ ಬರುತ್ತಿರಲಿಲ್ಲ. ಅಪ್ಪಣೆ ಕೊಡುತ್ತಿದ್ದವನು ನೀರಗಂಟಿ. ದೊಣ್ಣೆ ಇರಲಿಲ್ಲ, ಹೆಗಲ ಮೇಲೊಂದು ಸನಿಕೆ ಇತ್ತು. ತಾತ ಊರಿನಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಮನುಷ್ಯ. ಆದರೂ ಪೈರು ಬಾಡುತ್ತಿದ್ದ ಒಂದು ಸಂಜೆ ಏರಿಯ ಮೇಲೆ ನಿಂತು, "ಇವತ್ತೊಂದು ರಾತ್ರಿ ನಮ್ಮ ಕಡೆ ತಿರುಗಿಸಪ್ಪಾ" ಎಂದು ಕೇಳಿದ್ದನ್ನು ನಾನು ನೋಡಿದ್ದೇನೆ. "ಕೊನೇ ಗದ್ದೆಗೆ ಇನ್ನೂ ಮುಟ್ಟಿಲ್ಲ ಸ್ವಾಮಿ, ನಿಮ್ಮ ಸರದಿ ನಾಳೆ ಹೊತ್ತು ಮೂಡಿದ ಮೇಲೆ" ಎಂದು ಅವನು ನಡೆದೇಬಿಟ್ಟ. ತಾತ ಮರುಮಾತಾಡಲಿಲ್ಲ.

ನಿಂತ ನೀರಿಗೂ ಅಪ್ಪಣೆಗೂ ಇರುವ ಈ ನಂಟು ನಮ್ಮ ಮಾತಿನೊಳಗೇ ಹುದುಗಿದೆ. ಕೆರೆ ಎಂಬ ಪದ ಹಳಗನ್ನಡದಲ್ಲಿ 'ಕೆಱೆ'. ಬಂಧನ ಎಂಬರ್ಥದ ಸೆರೆ 'ಸೆಱೆ'. ಎರಡರ ಬುಡವೂ ಒಂದೇ ಎನ್ನುವುದಕ್ಕೆ ಅಕ್ಕಪಕ್ಕದ ಭಾಷೆಗಳೇ ಸಾಕ್ಷಿ. ತಮಿಳಿನ 'ಚಿಱೈ' ಸೆರೆಮನೆಯೂ ಹೌದು, ನೀರಿಗೆ ಹಾಕಿದ ಒಡ್ಡೂ ಹೌದು. ಮಲಯಾಳದ 'ಚಿಱ' ಒಡ್ಡು ಮತ್ತು ಕೊಳ. ತೆಲುಗರಿಗೆ ಕೆರೆ 'ಚೆರುವು', ಸೆರೆ 'ಚೆರ'. ಕನ್ನಡ ಮಾತ್ರ ಒಂದನ್ನು ಕಕಾರದಲ್ಲಿ, ಇನ್ನೊಂದನ್ನು ಸಕಾರದಲ್ಲಿ ಉಳಿಸಿಕೊಂಡು, ಇವೆರಡೂ ದಾಯಾದಿಗಳೆಂಬುದನ್ನೇ ಮರೆತಿದೆ. ತಮಿಳಿನವರೊಂದಿಗೆ ನಾವು ಇನ್ನೊಂದು ಅದಲುಬದಲನ್ನೂ ಮಾಡಿಕೊಂಡಿದ್ದೇವೆ: ಅವರ 'ಏರಿ' ತುಂಬಿ ನಿಂತ ಕೆರೆ, ನಮ್ಮ ಏರಿ ಅದನ್ನು ತಡೆದ ಮಣ್ಣಿನ ದಿಬ್ಬ. ಅವರು ನೀರನ್ನು ನೋಡಿ ಹೆಸರಿಟ್ಟರು, ನಾವು ಮಣ್ಣನ್ನು ನೋಡಿ.

ಉಳಿದ ಪದಗಳನ್ನು ನೋಡಿ: ಕಟ್ಟೆ, ಅಣೆಕಟ್ಟು, ಕರಾವಳಿಯ ತೋಡಿಗೆ ಅಡ್ಡಹಾಕುವ ಕಟ್ಟ. ಎಲ್ಲದರಲ್ಲೂ 'ಕಟ್ಟು' ಇದೆ. ಗದ್ದೆಗೆ ನೀರು ಹಾಯಿಸುವುದಕ್ಕೂ ಬಯಲುಸೀಮೆಯವರು 'ನೀರು ಕಟ್ಟೋದು' ಎನ್ನುತ್ತಾರೆ; ಹಗ್ಗ ಹಿಡಿದು ಹಸು ಕಟ್ಟಲು ಹೋದಷ್ಟು ಸಹಜವಾಗಿ. ಕೆರೆಯ ನೀರು ಉಣ್ಣುವ ಜಮೀನು ಅಚ್ಚುಕಟ್ಟು. ಮನೆ ಅಚ್ಚುಕಟ್ಟಾಗಿದೆ ಎನ್ನುವಾಗಲೂ ನಾವು ಆಡುತ್ತಿರುವುದು ಅದೇ ಪದ. ಕಟ್ಟಿದ್ದನ್ನು ಬಿಡಬೇಕಲ್ಲ, ಅದಕ್ಕೆ ತೂಬು. ಹಳೆಯ ಕೆರೆಗಳಲ್ಲಿ ಎರಡು ಕಲ್ಲುಕಂಬಗಳ ನಡುವೆ ನಿಲ್ಲಿಸಿದ ಮರದ ಗೂಟ. ಎತ್ತಿದರೆ ಏರಿಯಡಿಯ ಕಿಂಡಿ ತೆರೆಯುತ್ತದೆ, ಇಳಿಸಿದರೆ ಮುಚ್ಚುತ್ತದೆ. ನೀರಗಂಟಿಯ ಅಧಿಕಾರವೆಲ್ಲ ಆ ಗೂಟದ್ದು.

ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಸಂಸ್ಕೃತ ಶಾಸನವೊಂದಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯದು. ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆಗಬಾರದ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಿಂದ ನೀರು ಒಸರುವುದು, ಚೌಳು ಮಣ್ಣು, ಕೆರೆಯ ನಡುವೆ ದಿಬ್ಬವಿರುವುದು ದೋಷಗಳೆಂದು ಯಾವ ಮಣ್ಣುಕೆಲಸದವನೂ ಹೇಳಿಯಾನು. ಅವುಗಳ ಸಾಲಿನಲ್ಲೇ ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದೂ ಒಂದು ದೋಷವೆಂದು ಸೇರಿಸಿದವನಿಗೆ ಮಾತ್ರ ಕೈಮುಗಿಯಬೇಕು. ಆ ದೋಷ ಹೊಳೆಗೂ ತಟ್ಟಿತು: ಮೈಸೂರು ಸಂಸ್ಥಾನ ತನ್ನ ನೆಲದಲ್ಲೇ ಹೊಸ ಕಟ್ಟೆ ಕಟ್ಟಬೇಕಾದರೂ ಮದರಾಸಿನ ಒಪ್ಪಿಗೆ ಕೇಳುವಂತೆ ಮಾಡಿದ್ದು 1892ರ ಒಪ್ಪಂದ. 1911ರಲ್ಲಿ ಕೆಲಸ ಶುರುವಾದ ಕಾವೇರಿಯ ಕನ್ನಂಬಾಡಿ ಕಟ್ಟೆಯ ತಕರಾರು ತೀರಲು 1924ರ ಇನ್ನೊಂದು ಒಪ್ಪಂದ ಬೇಕಾಯಿತು. ತೀರಿತೆಂದು ಹೇಳುವುದೂ ದಾಕ್ಷಿಣ್ಯಕ್ಕೆ. ಕಾವೇರಿ ಹೊಳೆಯೇ. ಕಟ್ಟೆ ಬಿದ್ದ ಹೊಳೆಗೆ ಗಾದೆ ಹೊಂದುವುದಿಲ್ಲ.

ಹಾಗೆಂದು ದೊಣ್ಣೆನಾಯಕನನ್ನು ಬೈದು ಮುಗಿಸುವಂತೆಯೂ ಇಲ್ಲ. ಹೊಸಪೇಟೆಯ ಹತ್ತಿರ ಡಣಾಯಕನಕೆರೆ ಎಂಬ ಊರೇ ಇದೆ. ಕೆರೆ ಕಟ್ಟಿಸಿದವರೂ ಇಂಥ ನಾಯಕರೇ, ಅದರ ಕಾಪಾಡುವಿಕೆಗೆಂದು ಬಿತ್ತುವಟ್ಟ, ಕೆರೆಗೊಡಗೆ ಎಂಬ ಜಮೀನು ಬಿಟ್ಟವರೂ ಅವರೇ. ಹೂಳು ತೆಗೆಯುವ ಬಂಡಿಗೆ, ಏರಿಗೆ ಮಣ್ಣು ಹೊರುವವನ ಅಂಬಲಿಗೆ ಆ ಜಮೀನಿನ ಹುಟ್ಟುವಳಿ ಬೇಕಿತ್ತು. ಯಾರ ಅಪ್ಪಣೆಯೂ ಇಲ್ಲದಿದ್ದರೆ ಮೇಲಿನ ಗದ್ದೆಯವನು ಕುತ್ತಿಗೆಮಟ್ಟ ಕುಡಿದು, ಕೊನೆಯವನು ಬಿರುಕು ಬಿಟ್ಟ ಮಣ್ಣು ನೋಡುತ್ತ ಕೂರಬೇಕು. ನಮ್ಮ ತಾತನಿಗೆ 'ನಾಳೆ' ಎಂದವನು ಕಾಯುತ್ತಿದ್ದದ್ದು ಆ ಕೊನೆಯವನನ್ನು.

ಆದರೆ ಅಪ್ಪಣೆಗೆ ಇನ್ನೊಂದು ಮುಖವಿದೆ, ಅದನ್ನು ಬಿಟ್ಟರೆ ವ್ಯಾಖ್ಯಾನ ಸುಳ್ಳಾಗುತ್ತದೆ. ನಮ್ಮ ಕಡೆ ನೀರಗಂಟಿಗಳು ಬಹುಪಾಲು ದಲಿತ ಕೇರಿಯವರು. ಊರಿಗೆಲ್ಲ ತೂಬೆತ್ತುವ ಕೈ ಊರಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಅವನ ಕೂಲಿ ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಪಡೆಯುವ ಕಾಳು. ಸಾರ್ವಜನಿಕ ಕೆರೆಗಳು ಎಲ್ಲರಿಗೂ ತೆರೆದಿರಲೆಂದು 1923ರಲ್ಲಿ ಮುಂಬಯಿ ಶಾಸನಸಭೆ ನಿರ್ಣಯ ಮಾಡಿದ ಮೇಲೂ, 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡಿನ ಚವದಾರ ಕೆರೆಗೆ ಸಾವಿರಾರು ಜನರೊಂದಿಗೆ ನಡೆದುಹೋಗಿ ಬೊಗಸೆ ನೀರು ಕುಡಿಯಬೇಕಾಯಿತು. ಅವರಿಗೆ ಅಡ್ಡ ನಿಂತದ್ದು ಒಬ್ಬ ನಾಯಕನಲ್ಲ, ಊರಿಗೆ ಊರೇ. ದೊಣ್ಣೆಗಳೂ ಇದ್ದವು, ಕುಡಿದು ಹಿಂದಿರುಗುವವರ ಮೇಲೆ ಬಿದ್ದವು.

ಕೆರೆಯಲ್ಲಿ ಅಪ್ಪಣೆ ಬೇಡದ ಜಾಗ ಒಂದೇ ಇದೆ, ಕೋಡಿ. ಏರಿಯ ಒಂದು ತುದಿಯಲ್ಲಿ, ಏರಿಗಿಂತ ತಗ್ಗಾಗಿ ಕಟ್ಟಿದ ಕಲ್ಲಿನ ಹಾಸು. ನೀರು ಆ ಮಟ್ಟ ಮುಟ್ಟಿತೋ, ತಾನಾಗಿ ಹೊರಟಿತು. ಹೋಗಬೇಡ ಎಂದರೆ ಏರಿಯೇ ಒಡೆಯುತ್ತದೆ. ಕೋಡಿ ಕಟ್ಟಿದವನಿಗೆ ಅಷ್ಟರಮಟ್ಟಿಗೆ ಗಾದೆ ಗೊತ್ತಿತ್ತು.

2021ರ ನವೆಂಬರ್ ಮಳೆಗೆ ನಮ್ಮ ಕಡೆ ಎಷ್ಟೋ ಕೆರೆಗಳು ಕೋಡಿ ಬಿದ್ದವು. ನಮ್ಮೂರಿನದೂ ಬಿತ್ತು. ಅರಿಶಿನ ಕುಂಕುಮ ಹಿಡಿದ ಹೆಂಗಸರು, ಟವೆಲ್ಲಿನಲ್ಲಿ ಮೀನು ಹಿಡಿಯುವ ಹುಡುಗರು, ಮೊಬೈಲು ಎತ್ತಿ ಹಿಡಿದವರು. ಹಳೆಯ ನೀರಗಂಟಿಯ ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ, ಅವನೂ ಬಂದಿದ್ದ. ತೂಬಿನ ಗೂಟ ಎಂದೋ ಕೊಳೆತುಹೋಗಿ ಕಲ್ಲುಕಂಬ ಮಾತ್ರ ನಿಂತಿದೆ. ಅವನು ಅತ್ತ ನೋಡಲಿಲ್ಲ. ಪ್ಯಾಂಟು ಮಡಚಿಕೊಂಡು ಕೋಡಿಯ ಹಾಸಿಗೆ ಇಳಿದು, ಎರಡು ಕೈಯಲ್ಲೂ ನೀರೆತ್ತಿ ಮುಖ ತೊಳೆದುಕೊಂಡ.