ಗಂಟೆ ಮೊಳಗಲಿಲ್ಲ, ಕಳ್ಳ ಬರಲಿಲ್ಲವೇ?

2013ರ ನವೆಂಬರ್ 30. ಅಮೆರಿಕದ ಟಾರ್ಗೆಟ್ ಮಳಿಗೆಗಳ ಜಾಲದಲ್ಲಿ ಫೈರ್‌ಐ ತಂತ್ರಾಂಶ ಎಚ್ಚರಿಸಿತು. ಬೆಂಗಳೂರಿನ ನಿಗಾ ತಂಡ ಅದನ್ನು ಮಿನಿಯಾಪೊಲಿಸ್‌ನ ಮುಖ್ಯ ಕಚೇರಿಗೆ ತಿಳಿಸಿತು. ಅಲ್ಲಿ ಕೂಡಲೇ ಕ್ರಮವಾಗಲಿಲ್ಲ. ಸುಮಾರು 4 ಕೋಟಿ ಕಾರ್ಡ್‌ಗಳ ವಿವರ ಕಳುವಾಯಿತು.

ಹಗ್ಗವನ್ನು ಹಾವೆಂದು ಭ್ರಮಿಸುವುದು ಅದ್ವೈತಿಗಳ ಹಳೆಯ ದೃಷ್ಟಾಂತ. ದಿನವಿಡೀ ಹುಸಿ ಎಚ್ಚರಿಕೆಗಳೆಂಬ ಸುಳ್ಳು ಹಾವುಗಳನ್ನೇ ನೋಡಿ ದಣಿದವರಿಗೆ ನಿಜವಾದ ಹಾವೂ ಹಗ್ಗವೇ!

ಇದಕ್ಕಿಂತ ತೊಡಕಿನದು ದಾಳಿಯನ್ನು ಪತ್ತೆಹಚ್ಚಲು ತಂತ್ರಾಂಶದಲ್ಲಿ ಬರೆದಿಟ್ಟ ನಿಯಮದ ಮೌನ. ಎಚ್ಚರಿಕೆ ಬರಲಿಲ್ಲವೆಂದರೆ ದಾಳಿಯೇ ಇಲ್ಲವೆಂದೇ? ಕುಮಾರಿಲ ಭಟ್ಟನ ಪಂಥದ ಮೀಮಾಂಸಕರು ಕಾಣದಿರುವುದನ್ನೂ, ಅಂದರೆ ಅನುಪಲಬ್ಧಿಯನ್ನೂ, ಪ್ರಮಾಣವೆಂದರು. ಷರತ್ತು ಒಂದೇ: ಇದ್ದಿದ್ದರೆ ಕಾಣಲೇಬೇಕಿತ್ತು. ಬೆಳಕಿರುವ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲ, ಕತ್ತಲಲ್ಲಿ ಹಾಗೆನ್ನಲಾಗದು. ಗಣಕಗಳ ಚಟುವಟಿಕೆಯ ದಾಖಲೆಯಾದ ಲಾಗ್‌ನ ಹರಿವು ನಿಂತಿದ್ದರೆ, ಅದರೊಳಗಿನ ಫೀಲ್ಡ್‌ನ ಹೆಸರು ಬದಲಾಗಿದ್ದರೆ ನಿಯಮ ಕತ್ತಲಲ್ಲೇ ಕುಳಿತಿರುತ್ತದೆ.

ಅದಕ್ಕೇ ವಿಶ್ಲೇಷಕರು ತಾವೇ ಹುಸಿ ದಾಳಿ ನಡೆಸಿ ನೋಡುತ್ತಾರೆ. ಆಗಲೂ ನಿಯಮ ತುಟಿ ಬಿಚ್ಚದಿದ್ದರೆ, ಹುಡುಕಾಟ ಲಾಗ್‌ನಿಂದಲೇ ಶುರು.