ಹೊಂದಿಕೊಳ್ಳಬೇಕಾದವರು ಯಾರು?

ಬಟವಾಡಿ ಅಂದರೆ ಬೆಂಗಳೂರಿನಿಂದ ಬಂದವರು ಹೆದ್ದಾರಿ ಬಿಟ್ಟು ತುಮಕೂರಿನೊಳಕ್ಕೆ ಇಳಿಯುವ ಜಾಗ. ಎಪಿಎಂಸಿ ಯಾರ್ಡು, ಲಾರಿಗಳು, ಸುತ್ತ ಬಡಾವಣೆಗಳು. ಈ ಸಂದಿಯಲ್ಲೇ ಒಬ್ಬ ಮುದುಕಿ ಸೀಮೆಹಸುವಿನ ಹಗ್ಗ ಹಿಡಿದು, ಸೈಟಿನ ಕಲ್ಲುಗಳ ನಡುವೆ ಬೆಳೆದ ಹುಲ್ಲು ಮೇಯಿಸುತ್ತಾಳೆ. 'ಇದು ಸೈಟು ಕಣಮ್ಮ, ಹೊಡ್ಕೊಂಡು ಹೋಗು' ಅಂತಾರೆ. ಹೋಗ್ತಾಳೆ, ಇನ್ನೊಂದು ಸೈಟಿಗೆ. ತಿಳಿದವರು ಅವಳಿಗೆ ಹೇಳೋದು ಒಂದೇ ಮಾತು: ಕಾಲಕ್ಕೆ ತಕ್ಕಂತೆ ಹೊಂದಿಕೊಳ್ಳಬೇಕು.

ಈ ಮಾತು ಬುದ್ಧಿವಾದವೋ, ಅಪ್ಪಣೆಯೋ? ನಾವು ಕೇಳುತ್ತಿರುವುದು ಇಷ್ಟೇ.

ಹೊಂದಿಕೊಳ್ಳುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಪಕ್ಕದ ಸಿದ್ಧಗಂಗೆಯ ದನದ ಜಾತ್ರೆಗೆ ಹಳ್ಳಿಕಾರ್ ಜೋಡಿಗಳು ಸಿಂಗಾರ ಮಾಡಿಕೊಂಡು ಬರುತ್ತಿದ್ದವು. ಮೆರೆದವನು ಒಡೆಯ. ಬಿಸಿಲಲ್ಲಿ ಕಾದು, ಸಗಣಿ ಬಾಚಿ, ಮೈ ತೊಳೆದವನು ಜೀತದ ಹುಡುಗ. ದನ ಸತ್ತರೆ ಹೊತ್ತದ್ದೂ ನಮ್ಮ ಹೆಗಲೇ. 1976ರಲ್ಲಿ ಜೀತ ರದ್ದತಿ ಕಾನೂನು ಬಂತು. 1974ರಿಂದ ಈಚೆಗೆ ವಿಶ್ವಬ್ಯಾಂಕಿನ ಹಣದಲ್ಲಿ ಹಾಲಿನ ಸಂಘಗಳು ಹಳ್ಳಿಹಳ್ಳಿಗೆ ಬಂದವು. ನಮ್ಮಲ್ಲೂ ಕೆಲವರು ಸಾಲ ಮಾಡಿ ಹಸು ಕಟ್ಟಿದರು. ಕ್ಯಾನಿನೊಳಗೆ ಎಲ್ಲರ ಹಾಲೂ ಬೆರೆಯಿತು. ಡಿಗ್ರಿ ನೋಡುವ ಯಂತ್ರ ಜಾತಿ ಕೇಳಲಿಲ್ಲ. ಅದು ಸಣ್ಣ ಮಾತಲ್ಲ. ಆದರೆ ಹಾಲು ಬೆರೆತಂತೆ ಭೂಮಿ ಬೆರೆಯಲಿಲ್ಲ.

ಹೊಲ ಇರೋನಿಗೆ ರಾಗಿಹುಲ್ಲು ಮನೆ ಬಣವೆಯಲ್ಲೇ ಸಿಗುತ್ತೆ. ಹೊಲ ಇಲ್ಲದೋನು ಹುಲ್ಲು ಕೊಳ್ಳಬೇಕು, ಹಿಂಡಿ ಕೊಳ್ಳಬೇಕು, ಬೂಸಾ ಕೊಳ್ಳಬೇಕು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದದ್ದಕ್ಕೆ ನಾಡೇ ಹೊತ್ತಿ ಉರಿಯಿತು, ಅವರ ಮಂತ್ರಿಗಿರಿಯೂ ಹೋಯಿತು. ಆ ಮಾತಿಗೆ ಸಿಟ್ಟಾದವರಲ್ಲಿ ಎಷ್ಟು ಜನ ಒಂದು ಮೂಟೆ ಬೂಸಾ ಸಾಲಕ್ಕೆ ತಂದಿದ್ದರೋ ನಮಗೆ ಅನುಮಾನ. ನಮಗೆ ಬೂಸಾ ಬೈಗುಳವಲ್ಲ. ವಾರದ ಬಟವಾಡೆಯಲ್ಲಿ ಮೊದಲು ಮುರಿದುಕೊಳ್ಳುವ ಬಾಕಿ.

ಹೊಲ ಇಲ್ಲದವನ ದನಕ್ಕೆ ಇದ್ದ ಹೊಲ ಅಂದರೆ ಗೋಮಾಳ. ನೂರು ದನಕ್ಕೆ 30 ಎಕರೆ ಬಿಡಬೇಕು ಅಂತ ಭೂಕಂದಾಯ ನಿಯಮ ಹೇಳುತ್ತೆ. ಲೆಕ್ಕ ಚೆನ್ನಾಗಿದೆ. ಆದರೆ ಇದೇ ಲೆಕ್ಕ ತಿರುಗಿ ನಮ್ಮನ್ನೇ ಕಚ್ಚುತ್ತೆ. ಮೇಯಲು ಜಾಗ ಕಡಿಮೆಯಾದರೆ ಬಡವ ದನ ಮಾರುತ್ತಾನೆ. ದನ ಕಡಿಮೆಯಾದರೆ ಗೋಮಾಳ 'ಹೆಚ್ಚುವರಿ' ಆಗುತ್ತೆ. ಹೆಚ್ಚುವರಿಯಾದದ್ದು ಬೇರೆ ಕೆಲಸಕ್ಕೆ ಹೋಗುತ್ತೆ. ಆಮೇಲೆ ಉಳಿದ ದನವೂ ಹೋಗುತ್ತೆ. ಕೊನೆಗೆ 'ಜನಕ್ಕೇ ದನ ಬೇಡವಾಗಿದೆ' ಅಂತ ಬರೆದುಕೊಳ್ಳುತ್ತಾರೆ. ಬೇಡ ಅಂದವರು ಯಾರು, ಬೇಡ ಅನ್ನಿಸಿದವರು ಯಾರು?

ಇಲ್ಲಿ ನಮ್ಮ ಮೇಲೂ ಒಂದು ಪ್ರಶ್ನೆ ಉಂಟು. ಗೋಮಾಳ ಉತ್ತವರಲ್ಲಿ ನಮ್ಮವರೂ ಇದ್ದಾರೆ. ಹೌದು, ಉತ್ತಿದ್ದೇವೆ, ಹೊಟ್ಟೆಗಿಲ್ಲದೆ ಉತ್ತಿದ್ದೇವೆ. ಹಟ್ಟಿಯವನು ಒಂದೆಕರೆ ಉತ್ತರೆ ಊರೆಲ್ಲ ಸೇರಿ 'ಗೋವು ಎಲ್ಲಿ ಮೇಯಬೇಕು?' ಅಂತ ಕೇಳುತ್ತೆ. ಅದೇ ನೆಲಕ್ಕೆ ಬಡಾವಣೆಯ ಕಲ್ಲು ಬಿದ್ದಾಗ ಗೋವು ಯಾರಿಗೂ ನೆನಪಾಗುವುದಿಲ್ಲ. ನಗರದ ಸುತ್ತ ಇಂತಿಷ್ಟು ಕಿಲೋಮೀಟರಿನೊಳಗೆ ಬಗರ್‌ಹುಕುಂ ಸಕ್ರಮವಿಲ್ಲ ಅಂತಲೂ ಕಾನೂನಿದೆ. ಅಂದರೆ ನೆಲಕ್ಕೆ ಬೆಲೆ ಬಂದ ಕಡೆ ಬಡವನಿಗೆ ಹಕ್ಕಿಲ್ಲ. ಗೋವಿನ ಹೆಸರು ಯಾರ ಎದುರು ಎತ್ತುತ್ತಾರೆ, ಯಾರ ಎದುರು ನುಂಗಿಕೊಳ್ಳುತ್ತಾರೆ ಅನ್ನೋದರಲ್ಲೇ ಈ ಸಮಾಜದ ನೀತಿ ಗೊತ್ತಾಗುತ್ತೆ.

ಮುದಿ ದನದ ಮಾತೂ ಹೀಗೇ. 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತನ್ನು ಕಸಾಯಿಗೆ ಕೊಡಲು ದಾರಿ ಇತ್ತು. 2020ರ ಕಾಯ್ದೆ 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿತು. ಹಾಲು ಬತ್ತಿದ ಹಸುವನ್ನು, ಸೀಮೆಹಸು ಹಾಕಿದ ಗಂಡುಕರುವನ್ನು ಸಾಕಬೇಕಾದವರು ಯಾರು? ಆ ಮುದುಕಿಯೇ. ದಯೆ ಪಟ್ಟಣದವರದು, ಹುಲ್ಲಿನ ಖರ್ಚು ಅವಳದು. ಇನ್ನೊಬ್ಬರ ಖರ್ಚಿನಲ್ಲಿ ತೋರಿಸುವ ದಯೆಗೆ ಧರ್ಮ ಅನ್ನಬಹುದೆ?

ಪಟ್ಟಣ ಬೆಳೆಯಬಾರದು ಅಂತ ನಾವು ಹೇಳುತ್ತಿಲ್ಲ. ಹಳ್ಳಿಯಲ್ಲಿ ಸ್ವರ್ಗ ಕಂಡವರು ನಾವಲ್ಲ. ಪಟ್ಟಣಕ್ಕೆ ಬಂದೇ ನಮ್ಮ ಮಕ್ಕಳು ಓದಿದರು, ಹೋಟೆಲಿನಲ್ಲಿ ಕೂತು ಕಾಫಿ ಕುಡಿದರು. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆಗಲಿ. ಆದರೆ ನೆಲ ಮಾರಿದವನಿಗೆ ಬದಲಾವಣೆ ಅಂದರೆ ಲಾಭ, ಕೊಂಡವನಿಗೆ ಮನೆ. ಒಂದು ಹಸುವಿನವಳಿಗೆ ಮಾತ್ರ ಅದು 'ಹೊಡ್ಕೊಂಡು ಹೋಗು'. ಲಾಭ ಒಬ್ಬನಿಗೆ, ಹೊಂದಾಣಿಕೆ ಇನ್ನೊಬ್ಬಳಿಗೆ. ಇದನ್ನು ಕಾಲಧರ್ಮ ಅನ್ನುವುದು ಸುಳ್ಳು. ಕಾಲಕ್ಕೆ ಕೈಯಿಲ್ಲ, ಕಲ್ಲು ನೆಡುವವರಿಗೆ ಕೈಯಿದೆ.

ಹೆಚ್ಚುವರಿ ಅಂತ ಬರೆಯುವ ಮೊದಲು ಆ ನೆಲವನ್ನು ನಂಬಿ ಬದುಕುವ, ಹೊಲ ಇಲ್ಲದ ಮನೆಗಳನ್ನು ಎಣಿಸಲಿ. ಉಳಿದ ಗೋಮಾಳದಲ್ಲಿ ಮೇವು ಬೆಳೆಯುವ ಹಕ್ಕು ಮೊದಲು ಅವರಿಗೆ ಸಿಗಲಿ. ದನ ಕಾಯಬೇಕು ಅನ್ನುವ ಸರ್ಕಾರ ಮುದಿ ದನದ ಮೇವಿನ ಖರ್ಚನ್ನೂ ಹೊರಲಿ. ನಾವು ಕೇಳುವುದು ಕರುಣೆಯಲ್ಲ, ಲೆಕ್ಕ.

ನಾಳೆ ಬೆಳಿಗ್ಗೆ ಕಾಫಿಗೆ ಹಾಲು ಹಾಕಿಕೊಳ್ಳುವಾಗ ಒಮ್ಮೆ ಯೋಚಿಸಿ ಸ್ವಾಮಿ: ಈ ಹಸು ನಿನ್ನೆ ಯಾರ ಸೈಟಿನಲ್ಲಿ ಮೇಯಿತು, ಯಾರ ಕೈಲಿ ಬೈಸಿಕೊಂಡಿತು?