ನಿಯಮ ಮೀರದ ಕಳವು

‘ದಿ ಡಿಎಒ’ ಎಂಬ ಹೂಡಿಕೆ ಕೂಟಕ್ಕೆ 2016ರ ಮೇ ತಿಂಗಳಲ್ಲಿ ಹಣ ಹಾಕಿದವರು ಒಂದು ಷರತ್ತಿಗೆ ಒಪ್ಪಿದ್ದರು. ಆ ಕೂಟಕ್ಕೆ ಅಧ್ಯಕ್ಷರಿರಲಿಲ್ಲ, ಕಚೇರಿ ಇರಲಿಲ್ಲ, ಆಡಳಿತ ಮಂಡಳಿಯೂ ಇರಲಿಲ್ಲ. ಎಥೀರಿಯಂ ಎಂಬ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಹಲವು ಕಂಪ್ಯೂಟರ್‌ಗಳು ಸೇರಿ ಕಾಯುವ ಬಹಿರಂಗ ಲೆಕ್ಕದ ಖಾತೆಯಲ್ಲಿ, ಬರೆದಿಟ್ಟ ಕೋಡ್ ಒಂದೇ ಅದರ ಕಟ್ಟಳೆ. ಯಾರು ಎಲ್ಲಿ ಏನೇ ವಿವರಣೆ ಕೊಟ್ಟಿರಲಿ, ಆ ವಿವರಣೆಗೂ ಕೋಡ್‌ಗೂ ಹೊಂದಾಣಿಕೆ ಆಗದಿದ್ದರೆ ಕೋಡ್‌ನಲ್ಲಿರುವುದೇ ಅಂತಿಮ ಎಂದು ಷರತ್ತಿನಲ್ಲಿ ಬರೆದಿತ್ತು. ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಅದನ್ನು ಒಪ್ಪಿ, ಸುಮಾರು 15 ಕೋಟಿ ಡಾಲರ್ ಬೆಲೆಯ ಈಥರ್ ನಾಣ್ಯಗಳನ್ನು ಅಲ್ಲಿಟ್ಟರು. ಆಗ ಜಗತ್ತಿನಲ್ಲಿದ್ದ ಒಟ್ಟು ಈಥರ್‌ನಲ್ಲಿ ಅದು ಹೆಚ್ಚುಕಡಿಮೆ ಶೇ 14.

ಜೂನ್ 17ರಂದು ಯಾರೋ ಒಬ್ಬರು ಆ ಷರತ್ತನ್ನು ಅಕ್ಷರಶಃ ತೆಗೆದುಕೊಂಡರು.

ಕೋಡ್‌ನಲ್ಲಿ ಒಂದು ಲೋಪವಿತ್ತು. ಕೂಟದಿಂದ ಹೊರಹೋಗುವವರು ತಮ್ಮ ಪಾಲನ್ನು ಕೇಳಿದಾಗ, ಅದು ಮೊದಲು ಹಣ ಕೊಟ್ಟು, ಆಮೇಲೆ ಲೆಕ್ಕದಲ್ಲಿ ಕಳೆಯುತ್ತಿತ್ತು. ಸಹಕಾರಿ ಸಂಘದ ಗುಮಾಸ್ತರು ನೋಟು ಎಣಿಸಿ ಕೊಟ್ಟ ಮೇಲೆ ಪಾಸ್‌ಬುಕ್ಕಿಗೆ ಕೈ ಹಾಕುವವರಾದರೆ, ಅವರು ಪೆನ್ನು ಎತ್ತುವುದರೊಳಗೆ ಮತ್ತೆ ಕೈಯೊಡ್ಡಿದವರಿಗೆ ಮತ್ತೆ ಹಣ ಸಿಗುತ್ತದೆ. ಅಂದು ನಡೆದದ್ದು ಇದೇ. ಹೀಗೆ ಮರಳಿ ಮರಳಿ ಕೇಳುವ ಒಂದು ಪುಟ್ಟ ಪ್ರೋಗ್ರಾಂ ಕೆಲವೇ ಗಂಟೆಗಳಲ್ಲಿ 36 ಲಕ್ಷ ಈಥರ್ ಹೊರಗೆಳೆಯಿತು. ಅದರ ಬೆಲೆ ಸುಮಾರು 5 ಕೋಟಿ ಡಾಲರ್. ಯಾರ ಪಾಸ್‌ವರ್ಡೂ ಕದ್ದಿರಲಿಲ್ಲ, ಯಾವ ಬೀಗವನ್ನೂ ಒಡೆದಿರಲಿಲ್ಲ. ಪ್ರತಿ ಹೆಜ್ಜೆಗೂ ಕೋಡ್‌ನ ಅನುಮತಿ ಇತ್ತು.

ಮರುದಿನವೇ ಆ ವ್ಯಕ್ತಿಯ ಹೆಸರಿನಲ್ಲಿ ಒಂದು ಬಹಿರಂಗ ಪತ್ರ ಹರಿದಾಡಿತು. ನೀವೇ ಬರೆದ ನಿಯಮದಲ್ಲಿದ್ದ ಸೌಲಭ್ಯವನ್ನು ಬಳಸಿಕೊಂಡಿದ್ದೇನೆ, ಇದನ್ನು ಕಳವು ಎನ್ನುವುದು ತಪ್ಪು ಎಂಬುದು ಅದರ ತಾತ್ಪರ್ಯ. ಪತ್ರದ ಕೆಳಗಿದ್ದ ಡಿಜಿಟಲ್ ಸಹಿ ತಾಳೆಯಾಗಲಿಲ್ಲ, ಹಾಗಾಗಿ ಬರೆದವರು ಯಾರೆಂಬುದು ತಿಳಿಯಲಿಲ್ಲ. ಆದರೆ ವಾದ ಯಾರದ್ದೇ ಆಗಿರಲಿ, ಅದಕ್ಕೆ ಉತ್ತರ ಕೊಡಲೇಬೇಕಿತ್ತು. ಎಲ್ಲರೂ ಒಪ್ಪಿದ ನಿಯಮದ ಒಳಗೇ ನಡೆದ ಕೃತ್ಯ ಅನ್ಯಾಯವಾಗಬಲ್ಲದೇ? ಆಗಬಲ್ಲದಾದರೆ, ಹಾಗೆಂದು ಹೇಳುವ ಅಧಿಕಾರ ಯಾರದು?

ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. ಸಭಾಪರ್ವದ ದ್ಯೂತವನ್ನು ಓದಿದವರು, ತಾಳಮದ್ದಳೆಯಲ್ಲಿ ರಾತ್ರಿಯಿಡೀ ಅದರ ವಾದ ಕೇಳಿದವರು ಇದನ್ನು ಬಲ್ಲರು. ಪಗಡೆಯ ಒಂದೊಂದು ಪಣವನ್ನೂ ಧರ್ಮರಾಯ ತಾನೇ ಒಡ್ಡಿದ. ಪ್ರತಿ ಸಲ ದಾಳ ಉರುಳಿತು, ಸೋತ, ಒಪ್ಪಿಕೊಂಡ. ಆಟದ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು. ಆಗ ದ್ರೌಪದಿ ಕೇಳಿದ ಪ್ರಶ್ನೆಯನ್ನು ಗಮನಿಸಬೇಕು. ಆಕೆ ಆಟವೇ ಸುಳ್ಳು ಎಂದು ಮೊದಲಿಗೆ ಹೇಳಲಿಲ್ಲ. ಅರಸ ಮೊದಲು ಸೋತದ್ದು ತನ್ನನ್ನೋ ನನ್ನನ್ನೋ ಎಂದು ಕೇಳಿದಳು. ತನ್ನನ್ನೇ ಕಳೆದುಕೊಂಡವನಿಗೆ ಇನ್ನೊಬ್ಬರನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ನಿಯಮದ ಒಳಗೇ ನಿಂತು, ನಿಯಮ ಯಾವುದರ ಮೇಲೆ ನಿಂತಿದೆ ಎಂದು ಕೇಳುವ ಪ್ರಶ್ನೆ ಅದು. ಧರ್ಮದ ಗತಿ ಸೂಕ್ಷ್ಮ ಎಂದು ಭೀಷ್ಮ ಜಾರಿಕೊಂಡ. ವಿಕರ್ಣನೊಬ್ಬ ಆಕೆಯ ಪರ ಎದ್ದುನಿಂತ. ಅವನನ್ನು ಕರ್ಣ ಗದರಿಸಿ ಕೂರಿಸಿದ. ಕೊನೆಗೆ ಅಪಶಕುನಗಳಿಗೆ ಬೆದರಿದ ಧೃತರಾಷ್ಟ್ರ ವರ ಕೊಟ್ಟು ಎಲ್ಲವನ್ನೂ ಹಿಂತಿರುಗಿಸಿದ.

ವರ ಸಿಕ್ಕಿತು, ತೀರ್ಪು ಸಿಗಲಿಲ್ಲ. ಸಭೆ ದ್ರೌಪದಿಯ ಪ್ರಶ್ನೆಗೆ ಉತ್ತರಿಸಲೇ ಇಲ್ಲ. ಹಾಗಾಗಿಯೇ ಪಾಂಡವರನ್ನು ಅರ್ಧದಾರಿಯಿಂದ ಮತ್ತೆ ಕರೆಸಿ, ಅದೇ ಹಾಸಿನ ಮೇಲೆ ಎರಡನೆಯ ದ್ಯೂತ ಆಡಿಸುವುದು ಸಾಧ್ಯವಾಯಿತು. ಎಥೀರಿಯಂನಲ್ಲಿ 2016ರಲ್ಲಿ ಮುಂದೆ ನಡೆದದ್ದನ್ನು ಅರ್ಥ ಮಾಡಿಕೊಳ್ಳಲು ವರಕ್ಕೂ ತೀರ್ಪಿಗೂ ಇರುವ ಈ ವ್ಯತ್ಯಾಸ ಬೇಕು.

ಹೊರಗೆಳೆದ ಈಥರ್ ತಕ್ಷಣ ಕೈಸೇರುವಂತಿರಲಿಲ್ಲ. ಕೂಟದ ಕೋಡ್‌ನ ಪ್ರಕಾರ ಅದು ಕೆಲವು ವಾರ ಒಂದು ಉಪಕೂಟದಲ್ಲೇ ಉಳಿಯಬೇಕಿತ್ತು. ಆ ಅವಧಿಯಲ್ಲಿ ಮತ್ತೊಂದು ವಿಚಿತ್ರ ನಡೆಯಿತು. ‘ರಾಬಿನ್ ಹುಡ್’ ಎಂದು ಹೆಸರಿಟ್ಟುಕೊಂಡ ಕೆಲವು ಪ್ರೋಗ್ರಾಮರ್‌ಗಳು ಅದೇ ಲೋಪವನ್ನು ಬಳಸಿ, ಅದೇ ರೀತಿಯಲ್ಲಿ, ಕೂಟದಲ್ಲಿ ಉಳಿದಿದ್ದ ಸುಮಾರು 70 ಲಕ್ಷ ಈಥರ್ ಅನ್ನು ತಾವೇ ಹೊರಗೆಳೆದರು. ಮುಂದೆ ಯಥಾಸ್ಥಾನಕ್ಕೆ ಮರಳಿಸುವ ಉದ್ದೇಶ ಅವರದು. ಕೋಡ್‌ನ ಕಣ್ಣಿಗೆ ಮೊದಲನೆಯ ಕೃತ್ಯಕ್ಕೂ ಎರಡನೆಯದಕ್ಕೂ ಕೂದಲೆಳೆಯ ಭೇದವಿಲ್ಲ. ಭೇದವಿರುವುದು ಸಂಕಲ್ಪದಲ್ಲಿ ಮಾತ್ರ, ಸಂಕಲ್ಪವನ್ನು ಓದುವ ಶಕ್ತಿ ಕೋಡ್‌ಗಿಲ್ಲ. ಆದರೂ ಒಂದನ್ನು ರಕ್ಷಣೆ, ಇನ್ನೊಂದನ್ನು ಕಳವು ಎಂದು ಕರೆಯಲು ಯಾರೂ ಹಿಂದೆಮುಂದೆ ನೋಡಲಿಲ್ಲ. ಮುಂದೆ ಹಣ ಮರಳಿಸಲು ಜಾಲದ ನಿಯಮವನ್ನೇ ಬದಲಿಸಿ ಸರಪಳಿಯನ್ನು ಕವಲೊಡೆಸಿದರು, ಅದಕ್ಕೆ ಫೋರ್ಕ್ ಎನ್ನುತ್ತಾರೆ. ಕೋಡೇ ಕಾನೂನು ಎಂಬ ನಂಬಿಕೆ ಸೋತದ್ದು ಫೋರ್ಕ್ ಆದ ದಿನವಲ್ಲ, ಅದಕ್ಕೂ ಮೊದಲು ಇಲ್ಲಿ. ಮನುಷ್ಯರು ಕೃತ್ಯವನ್ನು ಅದರ ಉದ್ದೇಶದಿಂದ ಅಳೆಯುವುದನ್ನು ಒಂದು ದಿನವೂ ಬಿಟ್ಟಿರಲಿಲ್ಲ.

ಆ ನಂಬಿಕೆಯನ್ನು ಹಗುರವಾಗಿ ಕಾಣಬಾರದು. 2013ರ ಮಾರ್ಚ್‌ನಲ್ಲಿ ಸೈಪ್ರಸ್ ದೇಶ ತನ್ನ ಎರಡು ದೊಡ್ಡ ಬ್ಯಾಂಕುಗಳಲ್ಲಿ ಒಂದು ಲಕ್ಷ ಯೂರೊಗಿಂತ ಹೆಚ್ಚಿದ್ದ ಠೇವಣಿಗಳಿಗೆ ಕತ್ತರಿ ಹಾಕಿತು. ರಾತ್ರೋರಾತ್ರಿ ತಮ್ಮ ಹಣ ತಮ್ಮದಾಗಿ ಉಳಿಯದ ಅನುಭವ ಜನರಿಗಾಯಿತು. ಯಾವ ಮಂತ್ರಿಯೂ, ಯಾವ ಮ್ಯಾನೇಜರೂ ಮುಟ್ಟಲಾಗದ ಖಾತೆ ಬೇಕೆಂಬ ಹಂಬಲ ಇಂಥ ಗಾಯಗಳಿಂದ ಹುಟ್ಟಿದ್ದು. ಒಮ್ಮೆ ಒಳ್ಳೆಯದಕ್ಕಾಗಿ ಖಾತೆ ತಿದ್ದಿದವರು ನಾಳೆ ಸರಕಾರದ ಒತ್ತಡಕ್ಕೆ, ನಾಡಿದ್ದು ಧನಿಕರ ಒತ್ತಡಕ್ಕೆ ತಿದ್ದದೆ ಇರುತ್ತಾರೆಯೇ ಎಂದು ಫೋರ್ಕ್‌ನ ವಿರೋಧಿಗಳು ಕೇಳಿದರು. ಅದು ಮೂರ್ಖರ ಪ್ರಶ್ನೆಯಲ್ಲ.

ಫೋರ್ಕ್‌ನ ಪರವಾಗಿದ್ದವರ ಬಳಿಯೂ ಗಟ್ಟಿ ಕಾರಣಗಳಿದ್ದವು. ಒಬ್ಬರ ಕೈಗೆ ಎಲ್ಲ ಈಥರ್‌ನ ಶೇ 4ಕ್ಕಿಂತ ಹೆಚ್ಚು ಪಾಲು ಹೋದರೆ, ನಾಣ್ಯವಿದ್ದವರೇ ಜಾಲವನ್ನು ಕಾಯುವ ಮುಂದಿನ ವ್ಯವಸ್ಥೆಯಲ್ಲಿ ಅವರ ಹಿಡಿತ ಏನಾದೀತು ಎಂಬ ಭಯ ನಿಜವಾದದ್ದು. ಮೇಲಾಗಿ, ಬರೆದದ್ದನ್ನು ತಿದ್ದಿದ ಉದಾಹರಣೆ ಬಿಟ್‌ಕಾಯಿನ್‌ನಲ್ಲೂ ಇತ್ತು. 2010ರ ಆಗಸ್ಟ್ 15ರಂದು ಲೆಕ್ಕದ ಒಂದು ದೋಷದಿಂದ 18,400 ಕೋಟಿ ಬಿಟ್‌ಕಾಯಿನ್ ಹುಟ್ಟಿಬಿಟ್ಟವು. ಒಟ್ಟು ಮಿತಿಯೇ 2.1 ಕೋಟಿ. ಸತೋಶಿ ನಕಮೊಟೊ ಅದೇ ದಿನ ತಿದ್ದಿದ ಪ್ರೋಗ್ರಾಂ ಕೊಟ್ಟರು, ಜಾಲ ಆ ಬ್ಲಾಕ್ ಬಿಟ್ಟು ಬೇರೆ ದಾರಿ ಹಿಡಿಯಿತು. ಕೋಡ್ ಒಪ್ಪಿದ್ದನ್ನು ಜನ ಒಪ್ಪಲಿಲ್ಲ, ಏಕೆಂದರೆ ಕೋಡ್ ಏನು ಹೇಳಬೇಕಿತ್ತು ಎಂಬುದು ಅವರಿಗೆ ಗೊತ್ತಿತ್ತು.

ಮೋಸದ ವ್ಯವಹಾರವನ್ನು ಹಿಂದಕ್ಕೆ ತಿರುಗಿಸುವುದು ಧರ್ಮಶಾಸ್ತ್ರಗಳಿಗೂ ಪರಿಚಿತ. ಕಪಟ ಕಂಡಲ್ಲಿ ಮಾರಾಟ, ಅಡಮಾನ, ದಾನ ಎಲ್ಲವೂ ರದ್ದಾಗಬೇಕು ಎನ್ನುತ್ತಾನೆ ಮನು. ಬಲಾತ್ಕಾರದಿಂದ ಆದದ್ದನ್ನು ತಿರುಗಿಸಬೇಕು ಎನ್ನುತ್ತಾನೆ ಯಾಜ್ಞವಲ್ಕ್ಯ. ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯೆ ಹುಟ್ಟಿದ್ದು ಇಂದಿನ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನಿಂದ. ಎರಡು ಸ್ಮೃತಿವಾಕ್ಯಗಳು ತಿಕ್ಕಾಡಿದರೆ ಲೋಕವ್ಯವಹಾರದಿಂದ ತಿಳಿದ ನ್ಯಾಯವೇ ಬಲಶಾಲಿ ಎಂಬ ಮಾತು ಆ ಸ್ಮೃತಿಯಲ್ಲಿದೆ. ರದ್ದಾಗಬೇಕಾದ ವ್ಯವಹಾರಗಳ ಪಟ್ಟಿಯಲ್ಲಿ ಹೆಂಗಸರು ಮಾಡಿದ್ದನ್ನೂ ಅದು ಸೇರಿಸಿದೆ ಎಂಬುದನ್ನು ಮರೆಯಬಾರದು. ಆದರೂ ಆ ಸ್ಮೃತಿಕಾರರು ಒಂದು ವಿಷಯವನ್ನು ಸರಿಯಾಗಿ ಕಂಡಿದ್ದರು. ಕುಲ, ಶ್ರೇಣಿ, ಪೂಗ, ಅದರ ಮೇಲೆ ರಾಜ ನೇಮಿಸಿದ ಅಧಿಕಾರಿ ಎಂದು ಮೆಟ್ಟಿಲು ಕಟ್ಟಿದರು. ವರ್ತಕರ ಶ್ರೇಣಿಯೊಳಗಿನ ಜಗಳವನ್ನು ಶ್ರೇಣಿಯ ಹೊರಗೆ, ಅದರ ಲಾಭನಷ್ಟದಲ್ಲಿ ಪಾಲಿಲ್ಲದವರ ಮುಂದೆ ಒಯ್ಯಲು ದಾರಿ ಇಟ್ಟರು.

ಎಥೀರಿಯಂಗೆ ಆ ಮೆಟ್ಟಿಲಿರಲಿಲ್ಲ. ತೀರ್ಮಾನಿಸಬೇಕಾದ ಪ್ರೋಗ್ರಾಮರ್‌ಗಳಲ್ಲಿ ಹಲವರು ಡಿಎಒದಲ್ಲಿ ತಾವೇ ಹಣ ಹಾಕಿದ್ದರು. ನಾಣ್ಯದ ಲೆಕ್ಕದಲ್ಲಿ ಮತದಾನ ನಡೆಯಿತು. ಒಟ್ಟು ಈಥರ್‌ನ ಹತ್ತರಲ್ಲೊಂದು ಪಾಲೂ ಅದರಲ್ಲಿ ಭಾಗವಹಿಸಲಿಲ್ಲ, ಭಾಗವಹಿಸಿದ್ದರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಫೋರ್ಕ್ ಪರವಾಗಿತ್ತು. ಜುಲೈ 20ರಂದು, 19,20,000ನೆಯ ಬ್ಲಾಕ್‌ನಲ್ಲಿ, ಹಾರ್ಡ್ ಫೋರ್ಕ್ ಆಯಿತು. ಹಳೆಯ ನಮೂದುಗಳನ್ನು ಯಾರೂ ಅಳಿಸಲಿಲ್ಲ. ಯಾರ ಸಹಿಯೂ ಇಲ್ಲದೆ ಈಥರ್ ಡಿಎಒಗೆ ಸೇರಿದ ಖಾತೆಗಳಿಂದ ಹೊಸ ಖಾತೆಯೊಂದಕ್ಕೆ ಹೋಗುವ ಒಂದೇ ಒಂದು ಅಪವಾದವನ್ನು ಸೇರಿಸಿದರು. ಆ ಖಾತೆಯಿಂದ ಹೂಡಿಕೆದಾರರು ತಮ್ಮ ಹಣ ಮರಳಿ ಪಡೆದರು. ಇಲ್ಲಿಯೂ ವರ ಸಿಕ್ಕಿತು. ಯಾವ ನಷ್ಟಕ್ಕೆ, ಎಂಥ ಮೋಸಕ್ಕೆ, ಯಾರ ಒಪ್ಪಿಗೆಯಿಂದ ಮತ್ತೆ ಹೀಗೆ ಮಾಡಬಹುದು ಎಂಬ ಸೂತ್ರವನ್ನು ಯಾರೂ ಬರೆಯಲಿಲ್ಲ.

ಬ್ಲಾಕ್ ಕಟ್ಟುವ ಮೈನರ್‌ಗಳಲ್ಲಿ ಒಪ್ಪದವರು ಹಳೆಯ ಸರಪಳಿಯನ್ನು ಮುಂದುವರಿಸಿದರು. ಅದಕ್ಕೆ ಎಥೀರಿಯಂ ಕ್ಲಾಸಿಕ್ ಎಂಬ ಹೆಸರು ಬಂತು. ನಾಲ್ಕೇ ದಿನದಲ್ಲಿ ಪೊಲೊನಿಯೆಕ್ಸ್ ಎಕ್ಸ್‌ಚೇಂಜ್‌ನಲ್ಲಿ ಅದರ ವ್ಯಾಪಾರ ಶುರುವಾಯಿತು. ಎರಡರಲ್ಲಿ ಅಸಲಿ ಯಾವುದು? ಒಂದರ ಬಳಿ ಹೆಸರು ಮತ್ತು ಜನ ಉಳಿದರು, ಇನ್ನೊಂದರ ಬಳಿ ಅಖಂಡವಾದ ಖಾತೆ ಉಳಿಯಿತು. ಆ ಜಗಳಕ್ಕಿಂತ ಅದರ ಬೆನ್ನಿಗೇ ಬಂದ ಇನ್ನೊಂದು ತೊಡಕು ಹೆಚ್ಚು ಯೋಚನೆಗೆ ಹಚ್ಚುತ್ತದೆ. ಒಂದು ಸರಪಳಿಯಲ್ಲಿ ಸಹಿ ಹಾಕಿದ ವ್ಯವಹಾರ ಇನ್ನೊಂದರಲ್ಲೂ ಹಾಗೆಯೇ ಚಲಾವಣೆಯಾಗುತ್ತಿತ್ತು. ಎಕ್ಸ್‌ಚೇಂಜ್‌ನಿಂದ ಈಥರ್ ತೆಗೆದವರಿಗೆ ಅಷ್ಟೇ ಕ್ಲಾಸಿಕ್ ನಾಣ್ಯವೂ ಕೇಳದೆಯೇ ಜೊತೆಗೆ ಬರಬಹುದಿತ್ತು. ಇದನ್ನು ಗಮನಿಸಿ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಮಾಡಿ ಎಕ್ಸ್‌ಚೇಂಜ್‌ಗಳ ಕ್ಲಾಸಿಕ್ ದಾಸ್ತಾನು ಬರಿದು ಮಾಡಿದವರಿದ್ದಾರೆ. ಎರಡು ಸರಪಳಿಗಳ ಸಹಿಗಳನ್ನು ಬೇರ್ಪಡಿಸುವ ತಿದ್ದುಪಡಿ ಆ ವರ್ಷದ ಕೊನೆಯ ಹೊತ್ತಿಗೆ ಎಥೀರಿಯಂನಲ್ಲಿ ಬಂತು.

ಕ್ಲಾಸಿಕ್ ತನ್ನ ವ್ರತವನ್ನು ಬಿಡಲಿಲ್ಲ. ಅಲ್ಲಿ ಆ 36 ಲಕ್ಷ ನಾಣ್ಯ ತೆಗೆದವರ ಬಳಿಯೇ ಉಳಿಯಿತು. ಆದರೆ ವ್ರತದ ಕಠಿಣ ಪರೀಕ್ಷೆ ಮುಂದೆ ಬಂತು. ಹೆಚ್ಚು ಗಣನಶಕ್ತಿ ಸುರಿದು ಕಟ್ಟಿದ ಸರಪಳಿಯೇ ಸತ್ಯ ಎಂಬುದು ಇಂಥ ಜಾಲಗಳ ಮೂಲ ನಿಯಮ. ಜನ ಎಥೀರಿಯಂ ಕಡೆಗೆ ಹೋದ ಮೇಲೆ ಕ್ಲಾಸಿಕ್‌ನ ಕಾವಲು ತೆಳುವಾಗಿತ್ತು. 2019ರ ಜನವರಿಯಲ್ಲಿ ಯಾರೋ ಅರ್ಧಕ್ಕಿಂತ ಹೆಚ್ಚು ಶಕ್ತಿ ಕೂಡಿಸಿ, ಗುಟ್ಟಾಗಿ ಬೇರೊಂದು ಸರಪಳಿ ಹೆಣೆದು, ಒಮ್ಮೆ ಖರ್ಚು ಮಾಡಿದ ನಾಣ್ಯಗಳನ್ನೇ ಮತ್ತೆ ಖರ್ಚು ಮಾಡಿದರು. ಕಾಯಿನ್‌ಬೇಸ್ ಗುರುತಿಸಿದ ಮೊತ್ತ ಸುಮಾರು 11 ಲಕ್ಷ ಡಾಲರ್. 2020ರ ಆಗಸ್ಟ್ ಒಂದೇ ತಿಂಗಳಲ್ಲಿ ಮೂರು ಸಲ ಹೀಗಾಯಿತು. ನಿಯಮದ ಅಕ್ಷರವೇ ಅಂತಿಮವಾದರೆ, ದಾಳಿಕೋರರ ಉದ್ದನೆಯ ಸರಪಳಿಯೇ ನಿಜ, ಅಲ್ಲಿ ದಾಳಿ ಎಂಬುದೇ ಇಲ್ಲ. ಕ್ಲಾಸಿಕ್‌ನವರು ಹಾಗೆ ಹೇಳಲಿಲ್ಲ. ತಡವಾಗಿ ದಿಢೀರನೆ ಪ್ರತ್ಯಕ್ಷವಾಗುವ ಸರಪಳಿಯನ್ನು ಸಂಶಯದಿಂದ ನೋಡುವ ತಿದ್ದುಪಡಿಯನ್ನು ಅದೇ ವರ್ಷ ಅಕ್ಟೋಬರ್‌ನಲ್ಲಿ ತಂದರು. ಅಕ್ಷರಕ್ಕೆ ಅಂಟಿಕೊಂಡವರೂ ಅದರ ಆಶಯವನ್ನು ಕೇಳಬೇಕಾಯಿತು. ಕೇಳಿದ್ದು ಸರಿಯೇ ಆಗಿತ್ತು.

ಎಥೀರಿಯಂಗೆ ಎರಡನೆಯ ದ್ಯೂತ ಅಷ್ಟರಲ್ಲೇ ಬಂದಿತ್ತು. 2017ರ ಜುಲೈಯಲ್ಲಿ ಪ್ಯಾರಿಟಿ ಎಂಬ ವಾಲೆಟ್‌ನ ದೋಷದಿಂದ ಒಂದೂವರೆ ಲಕ್ಷ ಈಥರ್ ಕಳವಾಯಿತು. ನವೆಂಬರ್‌ನಲ್ಲಿ ಅದೇ ವಾಲೆಟ್‌ನ ಇನ್ನೊಂದು ದೋಷವನ್ನು ಯಾರೋ ಕೆದಕಿ, ನೂರಾರು ವಾಲೆಟ್‌ಗಳಿಗೆ ಆಧಾರವಾಗಿದ್ದ ಕೋಡನ್ನೇ ಅಳಿಸಿಬಿಟ್ಟರು. 587 ವಾಲೆಟ್‌ಗಳಲ್ಲಿದ್ದ 5,13,774 ಈಥರ್ ಯಾರ ಕೈಗೂ ಸಿಗದಂತೆ ಹೆಪ್ಪುಗಟ್ಟಿತು. ಈ ಬಾರಿ ಎದುರಾಳಿಯೇ ಇರಲಿಲ್ಲ. ಹಣ ಮರಳಿಸಿದರೆ ಯಾರಿಂದಲೂ ಏನನ್ನೂ ಕಿತ್ತುಕೊಂಡಂತೆ ಆಗುತ್ತಿರಲಿಲ್ಲ. ನ್ಯಾಯದ ದೃಷ್ಟಿಯಿಂದ ಇದು ಡಿಎಒಗಿಂತ ಸುಲಭದ ಪ್ರಕರಣ. 2018ರ ಏಪ್ರಿಲ್‌ನಲ್ಲಿ ಅದನ್ನು ಬಿಡಿಸುವ ಪ್ರಸ್ತಾಪ ಬಂದಾಗ ನಾಣ್ಯಗಳ ಮತ ಅದರ ವಿರುದ್ಧ ಬಿತ್ತು. ಪ್ರಸ್ತಾಪ ಬಿದ್ದುಹೋಯಿತು.

ಈ ಎರಡು ತೀರ್ಮಾನಗಳ ನಡುವೆ ತತ್ವದ ಎಳೆ ಹುಡುಕಿದರೆ ಸಿಗುವುದು ಕಷ್ಟ. ಕಾಣುವ ವ್ಯತ್ಯಾಸ ಒಂದೇ. ಡಿಎಒದಲ್ಲಿ ಸಿಕ್ಕಿಬಿದ್ದದ್ದು ಜಾಲದ ಏಳರಲ್ಲೊಂದು ಪಾಲು, ಮತ ಹಾಕುವವರಲ್ಲಿ ಹಲವರ ಸ್ವಂತ ದುಡ್ಡು. ಪ್ಯಾರಿಟಿಯಲ್ಲಿ ಸಿಕ್ಕಿಬಿದ್ದದ್ದು ನೂರರಲ್ಲೊಂದು ಪಾಲಿಗಿಂತ ಕಡಿಮೆ, ಬೇರೆಯವರದ್ದು. 2016ರ ಫೋರ್ಕ್ ತಪ್ಪಾಗಿರಲಿಲ್ಲ. ಹನ್ನೊಂದು ಸಾವಿರ ಜನರ ಹಣವನ್ನು ಒಂದು ಸಾಲಿನ ಲೋಪಕ್ಕೆ ಬಲಿಕೊಡುವುದನ್ನು ಧರ್ಮ ಎನ್ನಲಾಗದು. ತಪ್ಪಾದದ್ದು ಅದನ್ನು ಕಾರಣ ಬರೆದಿಡದೆ ಮಾಡಿದ್ದು. ಕಾರಣ ಬರೆದಿದ್ದರೆ ಪ್ಯಾರಿಟಿಯವರು ಅದನ್ನು ಹಿಡಿದು ನಿಂತು ಕೇಳಬಹುದಿತ್ತು, ಇಲ್ಲವೆನ್ನುವವರು ಏಕೆ ಇಲ್ಲ ಎಂದು ಹೇಳಬೇಕಾಗುತ್ತಿತ್ತು.

ಅದೇ ಪ್ರಶ್ನೆ ಇನ್ನೊಂದು ಜಾಲದಲ್ಲಿ ಮತ್ತೆ ಎದ್ದಿತು. 2025ರ ಮೇ 22ರಂದು ಸೂಯಿ ಎಂಬ ಹೊಸ ಬ್ಲಾಕ್‌ಚೈನ್‌ನಲ್ಲಿ ಸೀಟಸ್ ಎಂಬ ವಿನಿಮಯ ತಾಣದ ಲೆಕ್ಕದ ದೋಷ ಹಿಡಿದು ಯಾರೋ ಸುಮಾರು 22 ಕೋಟಿ ಡಾಲರ್ ಎಳೆದುಕೊಂಡರು. ಜಾಲ ನಡೆಸುವ ವ್ಯಾಲಿಡೇಟರ್‌ಗಳು ಕೆಲವೇ ಗಂಟೆಗಳಲ್ಲಿ ಆ ಖಾತೆಗಳ ವ್ಯವಹಾರ ನಿಲ್ಲಿಸಿ 16 ಕೋಟಿಗೂ ಹೆಚ್ಚು ಡಾಲರ್ ಬೆಲೆಯ ನಾಣ್ಯ ಹಿಡಿದಿಟ್ಟರು. ಒಂದು ವಾರದಲ್ಲಿ ಮತ ನಡೆಯಿತು. ಪಾಲಿನ ಲೆಕ್ಕದಲ್ಲಿ ಶೇ 90ಕ್ಕಿಂತ ಹೆಚ್ಚು ಮತ ಬಿದ್ದು, ತೆಗೆದವರ ಸಹಿಯಿಲ್ಲದೆಯೇ ಹಣ ಹಿಂದಕ್ಕೆ ಬಂತು. ಕಳೆದುಕೊಂಡವರಿಗೆ ಅದು ನಿಜವಾದ ಉಪಕಾರ. ಆದರೆ ಇಲ್ಲಿ ಮತ ಹಾಕಿದವರು ಜಾಲದ ದೊಡ್ಡ ಪಾಲುದಾರರು, ಸಂಖ್ಯೆಯಲ್ಲಿ ನೂರರ ಆಸುಪಾಸು. ಒಪ್ಪದವರು ಹಳೆಯ ಖಾತೆ ಹಿಡಿದು ಬೇರೆ ನಡೆಯುವ ಕ್ಲಾಸಿಕ್ ಒಂದು ಸೂಯಿಯಲ್ಲಿ ಹುಟ್ಟಲಿಲ್ಲ. ಮುಂದಿನ ಸಲ ಅದೇ ನೂರು ಜನ ತಪ್ಪು ಖಾತೆಯೊಂದನ್ನು ತಡೆಹಿಡಿದರೆ, ಆ ಖಾತೆಯವರು ದೂರು ಒಯ್ಯುವ ಮೆಟ್ಟಿಲು ಯಾವುದು ಎಂಬುದನ್ನು ಆ ಮತಪತ್ರದಲ್ಲಿ ಕೇಳಿರಲಿಲ್ಲ.